ದಕ್ಷಿಣದ ಗೋಡೆಯ ಮೊಳೆ

ಚಿನ್ನು, ಗುಂಡ್ಯಾ, ನೀವಿಬ್ಬರೂ ಆಗ ಬಾಲವಾಡಿಯಲ್ಲಿದ್ದಿರಿ. ಇದು ನಿಮಗೆ ನೆನಪಿರಲಾರದು. ನಿಮ್ಮಜ್ಜಿಯ ಕನ್ನಡ ಊರಿನ ಶಾಲೆಯ ಏಳನೆಯ ಇಯತ್ತೆಯದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಮುಂಬೈಯ ಗೋರೆಗಾಂವಿನ ಈ ಮನೆಗೆ ಬಂದ ವರ್ಷ ನಿಮ್ಮಪ್ಪ ಟಿವಿಯ ಸೆಟ್‌ಟಾಪ್ ಡಬ್ಬಿಗಳನ್ನೆಲ್ಲ ಹಾಲ್‌ನ ಕಪಾಟಿನಲ್ಲಿ ಒಂದೇ ಕಡೆ ಇಡಿಸಿದ. ಅಲ್ಲಿಂದ ಕೋಣೆ ಕೋಣೆಗೂ ಗೋಡೆಯೊಳಗೆ ನೀಲಿ ಕೇಬಲ್ ಹೋಯಿತು, ಕಂಪ್ಯೂಟರಿಗೆ ಹಾಕುವಂಥದ್ದೇ. ಹಾಲ್‌ನಲ್ಲಿ ಕಾಣುವ ಚಿತ್ರ ಒಳಕೋಣೆಯ ಟಿವಿಯಲ್ಲೂ ಅಷ್ಟೇ ಸ್ವಚ್ಛವಾಗಿ, ಮುಖದ ಬೆವರ ಹನಿ ಎಣಿಸುವಷ್ಟು, ಕಾಣುತ್ತಿತ್ತು.

ಆ ಕೆಲಸ ಮಾಡಿದವರು ವಿಜಯಪುರದ ಕಡೆಯ ಒಬ್ಬ ವಾಯರ್‌ಮನ್. ಐವತ್ತರ ಆಸುಪಾಸಿನವರು, ವಡಾಲದಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಎಂಟು ದಿನ ಗೋಡೆ ಕೊರೆದು, ಪೈಪ್ ಹುಗಿದು, ಸಿಮೆಂಟ್ ಮೆತ್ತಿದರು. ಹಗಲು ಮನೆಯಲ್ಲಿ ನಾನೊಬ್ಬಳೇ. ಚಹಾ ಸ್ಟೂಲ್ ಮೇಲೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದೆ.

"ಅವ್ವಾರ, ಚಾ ಇಟ್ಟು ಓಡಿ ಹೋಗ್ತೀರಲ್ಲ, ನಾ ಏನ್ ಹುಲಿ ಏನ್ರಿ?" ಎಂದು ಒಂದು ದಿನ ನಕ್ಕರು. "ನಮ್ಮ ಕಡಿ ಮಾತು ಕೇಳಿ ಭಾಳ ದಿನಾ ಆತು. ನನ್ನ ಮಕ್ಕಳು ಬರೇ ಹಿಂದಿ ಹೊಡೀತಾವ."

ಆಮೇಲೆ ರೊಟ್ಟಿ ಬಡಿದ ದಿನ ಎರಡು ಅವರಿಗೂ ಕೊಟ್ಟೆ.

ಬಿಲ್ಡಿಂಗಿನ ಇನ್ನೂ ಹನ್ನೆರಡು ಮನೆಯವರು ಇದನ್ನೇ ಮಾಡಿಸಬೇಕೆಂದಿದ್ದರು. ಸೊಸೈಟಿಯ ಸೆಕ್ರೆಟರಿ ಭಾನುವಾರ ನಮ್ಮ ಮನೆಯದನ್ನು ನೋಡಿ, ಹಿಡಿಸಿದರೆ ಇವರಿಗೇ ಕೆಲಸ ಕೊಡುವವರಿದ್ದರು. "ಆಗಿ ಬಂತಂದ್ರ ವರ್ಷ ಪೂರ್ತಿ ಒಂದ ಕಡಿ ಕೆಲಸ. ಚೀಲ ಹೊತ್ತು ಲೋಕಲ್‌ನ್ಯಾಗ ಊರೆಲ್ಲ ತಿರಗೂದು ತಪ್ತದ" ಎಂದು ಅವರು ನನ್ನೆದುರಿಗೇ ಆಸೆಯಿಂದ ಹೇಳಿದ್ದರು.

ಶುಕ್ರವಾರ ಬೆಳಿಗ್ಗೆ ಎಲ್ಲ ಪರೀಕ್ಷಿಸಿ ಹೊರಡುವಾಗ ಇಷ್ಟು ಹೇಳಿದರು: "ಗ್ವಾಡಿಗೆ ಮೊಳಿ ಹೊಡ್ಯೂದಿದ್ರ ನನಗ ಹೇಳ್ರಿ. ಪೈಪ್ ಎಲ್ಲಿ ಐತಿ ನನಗ ಗೊತ್ತು."

ಮರುದಿನ ನಿಮ್ಮಜ್ಜನ ತಿಥಿ. ಹೋದವರ ಫೋಟೊ ದಕ್ಷಿಣದ ಗೋಡೆಗೆ ಇರಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಬಣ್ಣ ಹೊಡೆದಾಗಿನಿಂದ ಅವರ ಫೋಟೊ ಕಪಾಟಿನ ಮೇಲೆ ಮಲಗಿತ್ತು. ಒಂದು ಮೊಳೆ ಹೊಡೆದುಕೊಡಿ ಎಂದು ಕೇಳಲು ಸಂಕೋಚವಾಗಿ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅವರು ಲಿಫ್ಟ್ ಹತ್ತಿ ಹೋದರು.

ಮಧ್ಯಾಹ್ನ ಕುಟ್ಟಾಣಿಯ ಕಲ್ಲು ಹಿಡಿದು ನಾನೇ ಸ್ಟೂಲ್ ಹತ್ತಿದೆ. ಎರಡು ಮೊಳೆ ಬಗ್ಗಿದವು. ಮೂರನೆಯದು ಸ್ವಲ್ಪ ಪಕ್ಕದಲ್ಲಿ ಸಲೀಸಾಗಿ ಇಳಿಯಿತು. ನಿಮ್ಮಜ್ಜನೇ ಜಾಗ ತೋರಿಸಿದರೆಂದು ಕೈ ಮುಗಿದೆ.

ಸಂಜೆ ನಿಮ್ಮಪ್ಪ ಫೋಟೊ ನೋಡಿ, "ವಾಯರ್‌ಮನ್ ಕಡಿಂದ ಹಾಕಿಸಿದೇನ? ಛಲೋ ಆತು ಬಿಡವ್ವಾ" ಎಂದ. ಹೊಸ ಬಣ್ಣಕ್ಕೆ ಮೊಳೆ ಹೊಡೆಯಬಾರದೆಂದು ನಿಮ್ಮಮ್ಮ ಹೇಳಿದ್ದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ತಯಾರಿಯ ಗಡಿಬಿಡಿಯಲ್ಲಿ ಶುಕ್ರವಾರ ರಾತ್ರಿಯಾಗಲಿ, ತಿಥಿಯೆಂದು ಶನಿವಾರವಾಗಲಿ ಯಾರೂ ಟಿವಿ ಹಚ್ಚಲಿಲ್ಲ. ಭಾನುವಾರ ಸೆಕ್ರೆಟರಿ ಬಂದರು. ವಾಯರ್‌ಮನ್ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಹಾಲ್‌ನ ಟಿವಿ ಬಂತು, ನಿಮ್ಮ ಕೋಣೆಯದೂ ಬಂತು. ನಿಮ್ಮಪ್ಪನ ಕೋಣೆಯದು ಮಾತ್ರ ಕಪ್ಪಗೇ ಇತ್ತು. ಕೇಬಲಿನ ಎರಡೂ ತುದಿಗೆ ಅವರು ಪರೀಕ್ಷೆ ಮಾಡುವ ಸಣ್ಣ ಡಬ್ಬಿ ಸಿಕ್ಕಿಸಿದರು. ಅದರ ಎಂಟು ದೀಪಗಳಲ್ಲಿ ಎರಡು ಹತ್ತಲಿಲ್ಲ, ಎಂದರೆ ಗೋಡೆಯೊಳಗೆ ಎಲ್ಲೋ ತಂತಿ ಕಡಿದಿತ್ತು. ಪೈಪ್ ಹೋದ ದಾರಿಯಲ್ಲಿ ಗೋಡೆಗೆ ಅಂಗೈ ಸವರುತ್ತ ಬಂದವರು ಹಾರ ಹಾಕಿದ ಫೋಟೊದ ಮುಂದೆ ನಿಂತರು. ಫೋಟೊ ಇಳಿಸಿ ಮೊಳೆ ನೋಡಿದರು.

"ಏನ್ ಮಿಸ್ತ್ರಿ, ಪೈಪ್ ಹುಗದವರೂ ನೀವ, ಮೊಳಿ ಹೊಡದವರೂ ನೀವ. ನಿಮ್ಮ ಕೇಬಲ್ ನೀವ ತೂತು ಮಾಡಿದ್ರೇನ್?" ಎಂದ ನಿಮ್ಮಪ್ಪ.

ವಾಯರ್‌ಮನ್ ತಿರುಗಿ ನನ್ನನ್ನು ನೋಡಿದರು. ಚಹಾದ ತಾಟು ಹಿಡಿದು ನಿಂತಿದ್ದೆ. ತಲೆ ತಗ್ಗಿಸಿದೆ.

"ಹೌದ್ರಿ ಸಾಹೇಬ್ರ, ಲಕ್ಷ್ಯ ತಪ್ಪಿತು" ಎಂದರು ಅವರು.

ಒಂದು ಮನೆಯಲ್ಲೇ ಹೀಗಾದರೆ ಹನ್ನೆರಡು ಮನೆಯ ಗತಿ ಏನು ಎಂದು ಹಿಂದಿಯಲ್ಲಿ ಹೇಳಿ ಸೆಕ್ರೆಟರಿ ನಗುತ್ತ ಎದ್ದರು. ವಾಯರ್‌ಮನ್ ಅಂದೇ ಹೊಸ ಕೇಬಲ್ ಎಳೆದರು. ಮೊಳೆಯನ್ನು ಒಂದು ಗೇಣು ಆಚೆ ಹೊಡೆದು ಫೋಟೊ ಮರಳಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಾನು "ಅಣ್ಣಾ" ಎಂದೆ.

"ಇರ್ಲಿ ಬಿಡ್ರಿ ಅವ್ವಾರ. ಮಗನ ಮುಂದ ನಿಮ್ಮನ್ನ ನಿಂದ್ರಿಸಿ ನಾ ಏನ್ ಮಾಡ್ಲಿ?" ಎಂದು ಚೀಲ ಹೆಗಲಿಗೇರಿಸಿದರು.

ಕೆಲಸ ಬೇರೆ ಯಾರಿಗೋ ಹೋಯಿತು. ತಿಂಗಳುಗಟ್ಟಲೆ ಮೇಲೆ ಕೆಳಗೆ ಗೋಡೆ ಕೊರೆಯುವ ಸದ್ದು. ಕೇಳಿದಾಗಲೆಲ್ಲ ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಸಂಜೆ ನಿಮ್ಮಪ್ಪ ಬೂಟು ಬಿಚ್ಚುವಾಗ ನೀರು ಕೊಟ್ಟು ಒಳಗೆ ಹೋಗುತ್ತಿದ್ದೆ. ಒಮ್ಮೆ ವಾಯರ್‌ಮನ್ ನಂಬರ್ ಇದೆಯೇ ಎಂದು ನಿಮ್ಮಮ್ಮನನ್ನು ಕೇಳಿದೆ. ಅಳಿಸಿಬಿಟ್ಟಿದ್ದಳು.

ಇದನ್ನು ನಿಮ್ಮಪ್ಪನಿಗೆ ಓದಿ ಹೇಳಿ ಎನ್ನುವ ಧೈರ್ಯ ಈಗಲೂ ನನಗಿಲ್ಲ. ಬೇಡವೆಂದೂ ಹೇಳಲಾರೆ. ಈ ಹಾಳೆಗಳನ್ನು ನಿಮ್ಮ ಸರ್ಟಿಫಿಕೇಟುಗಳ ಫೈಲಿನಲ್ಲಿ ಇಟ್ಟುಕೊಳ್ಳಿ, ರದ್ದಿಗೆ ಹಾಕಬೇಡಿ. ಆ ಮೊಳೆ ಹೊಡೆದವಳು ನಾನು ಎಂಬುದು ಇದರಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.