ಸಾಮಾನು ಮೊದಲು ಗಾಡಿಗೆ

ಕುರ್ಲಾದ ಹಾಜಿಮಲಂಗ ಇಪ್ಪತ್ತೆರಡು ವರ್ಷ ಮದುವೆ ಬ್ಯಾಂಡಿನ ಟೆಂಪೊ ಓಡಿಸಿದವನು. ಕೆಂಪು ಕೋಟಿನ ಹದಿನಾಲ್ಕು ಮಂದಿ, ಅವರ ತುತ್ತೂರಿ, ನಗಾರಿ, ಬಣ್ಣದ ದೀಪಗಳು ಎಲ್ಲವನ್ನೂ ಹೇರಿಕೊಂಡು ದಹಿಸರ್‌ವರೆಗೆ ಅವನು ನುಗ್ಗದ ಗಲ್ಲಿಯಿಲ್ಲ. ಆ ಕೆಲಸ ಅವನಿಗೆ ಕಲಿಸಿದ್ದು ಒಂದೇ ನಿಯಮ. ದಿಬ್ಬಣದಲ್ಲಿ ಗದ್ದಲ ಶುರುವಾದರೆ ತಪ್ಪು ಯಾರದೆಂದು ನೋಡುತ್ತ ನಿಲ್ಲಬಾರದು, ಸಾಮಾನು ಮೊದಲು ಗಾಡಿಗೆ. ವರನ ಕಡೆಯವ ಕುಣಿಯುತ್ತ ವಧುವಿನ ಕಡೆಯವನ ಕಾಲು ತುಳಿಯುತ್ತಾನೆ, ಅವನು ಇವನ ಕೊರಳಪಟ್ಟಿ ಹಿಡಿಯುತ್ತಾನೆ, ಮೂರನೆಯವನ ಕೈಗೆ ಸಿಗುವುದು ಯಾವಾಗಲೂ ಬ್ಯಾಂಡಿನವರ ತುತ್ತೂರಿಯೇ. ಹಾಗಾಗಿ ಹಾಜಿಮಲಂಗ ನಗಾರಿಯನ್ನು ಕೂಸಿನಂತೆ ಅವಚಿಕೊಂಡು ಓಡುತ್ತಿದ್ದ. ಎಷ್ಟೋ ಸಲ ಬಿದ್ದ, ತುಳಿಸಿಕೊಂಡ, ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದ. ಉಳಿದ ಒಂಟಿ ಚಪ್ಪಲಿಗಳನ್ನು ಹೆಂಡತಿ ಜೇಬುನ್ನೀಸಾ ಮಂಚದಡಿ ಸಾಲಾಗಿ ಜೋಡಿಸಿಟ್ಟಿದ್ದಳು. ಯಾವತ್ತಾದರೂ ಒಂದು ದಿನ ಎರಡು ಸೇರಿ ಜೋಡಿಯಾದಾವು ಎಂಬ ಆಸೆ. ಆಗುವುದು ಹೇಗೆ, ಎಲ್ಲವೂ ಬಲಗಾಲಿನವೇ.

ಮಾಲೀಕನಿಗೆ ವಯಸ್ಸಾಗಿ ಬ್ಯಾಂಡು ಮುಚ್ಚಿತು, ಹಳೆಯ ಟೆಂಪೊ ಹಾಜಿಮಲಂಗನ ಪಾಲಿಗೆ ಬಂತು. ಮಗಳು ಸೈಮಾಳ ಪಾಲಿಗೆ ಬಂದದ್ದು ಬಡಿಯುವ ಹುಚ್ಚು. ಚಿಕ್ಕಂದಿನಲ್ಲಿ ನಿಂತ ಟೆಂಪೊದೊಳಗೆ ಕೂತು ನಗಾರಿ ಬಡಿದು ಇಡೀ ಚಾಳಿನ ಮಧ್ಯಾಹ್ನದ ನಿದ್ದೆ ಕೆಡಿಸಿದ ಹುಡುಗಿ ಅವಳು. ಈಗ ಇಪ್ಪತ್ತನಾಲ್ಕು ವರ್ಷ. ವಾರವೆಲ್ಲ ಲ್ಯಾಬಿನಲ್ಲಿ ಜನರ ರಕ್ತ ಪರೀಕ್ಷೆ, ರಜೆಯ ದಿನ 'ಚಾಲೂ ಡಬ್ಬಾ' ಎಂಬ, ಅಬ್ಬರದ ಪಂಕ್ ಸಂಗೀತದ ಬ್ಯಾಂಡಿನಲ್ಲಿ ಡ್ರಮ್ಮು. ಅದರಲ್ಲಿ ಗೋರೆಗಾಂವಿನ ಉಡುಪಿ ಹೋಟೆಲಿನವರ ಮಗ ಪ್ರೀತಮ್ ಗಿಟಾರು ಹಿಡಿದು ಅರಚುತ್ತಾನೆ. ಹಾಡುತ್ತಾನೆ ಎಂದರೆ ಅದು ಮರ್ಯಾದೆಯ ಮಾತು. ನೇತ್ರಾ ಎಂಬ ಹುಡುಗಿ ಇನ್ನೊಂದು ಗಿಟಾರನ್ನು ಗುಂಯ್ ಎನಿಸುತ್ತಾಳೆ. ಲೋಕಲ್ ರೈಲಿನ ನೂಕುನುಗ್ಗಲು, ಬಾರದ ನಲ್ಲಿ ನೀರು, ಸೋರುವ ಸೂರು ಇವೇ ಅವರ ಹಾಡುಗಳು. ಎರಡು ನಿಮಿಷಕ್ಕೆ ಒಂದು ಹಾಡು ಮುಗಿದೇ ಹೋಗುತ್ತದೆ. ಮದುವೆ ಬ್ಯಾಂಡಿನಲ್ಲಿ ತುತ್ತೂರಿಯ ಎಂಜಲು ಒರೆಸುವುದಕ್ಕೇ ಅಷ್ಟು ಹೊತ್ತು ಬೇಕಿತ್ತು ಎಂಬುದು ಹಾಜಿಮಲಂಗನ ಆಕ್ಷೇಪ.

ಈ ವರ್ಷ ಅವರಿಗೆ ಮೂರು ಕಡೆಯ ಟೂರು ಕುದುರಿತು. ಪುಣೆ, ನಾಸಿಕ್, ಕೊನೆಗೆ ಗೋರೆಗಾಂವ್. ಎಲ್ಲ ಸರಿಹೋದರೆ ಮುಂದೆ ಗೋವಾ. ಜೇಬುನ್ನೀಸಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನಿಗೆ ಷರತ್ತು ಹಾಕಿದಳು.

"ಗಾಡಿ ನೀವಽ ಹೊಡೀರಿ. ಬಡದಾಟ ಒಂದು ಸಲ ಕಣ್ಣಿಗೆ ಬಿತ್ತಂದ್ರ ನನಗ ಹೇಳ್ರಿ, ಅವತ್ತಿಗೆ ಡ್ರಮ್ಮು ಬಂದ್. ಸುಳ್ಳು ಹೇಳಬ್ಯಾಡ್ರಿ ಮತ್ತ, ನಿಮ್ಮ ಮಾರಿ ನೋಡಿದ್ರಽ ನನಗ ತಿಳೀತೈತಿ."

ಸೈಮಾ ಒಪ್ಪಿದಳು. ಒಪ್ಪದೆ ದಾರಿಯಿರಲಿಲ್ಲ.

ಪುಣೆಗೆ ಹೊರಟ ಬೆಳಿಗ್ಗೆ ಹಾಜಿಮಲಂಗನ ಉಮೇದು ನೋಡಬೇಕಿತ್ತು. ಡ್ರಮ್ಮುಗಳಿಗೆ ಹಳೆಯ ಕೌದಿ ಸುತ್ತಿ, ಹಗ್ಗಕ್ಕೆ ಮೂರು ಮೂರು ಗಂಟು ಹಾಕಿ, ಟೆಂಪೊದ ಹಾರ್ನ್ ಎರಡು ಸಲ ಊದಿದ. ಅದು ಇನ್ನೂ ಮದುವೆಯ ರಾಗವನ್ನೇ ಹೊಡೆಯುತ್ತಿತ್ತು.

"ನೀವು ಪ್ಯಾಕ್ ಮಾಡಿದ್ರೆ ಮೊಟ್ಟೆ ಸಾ ಒಡಿಲಿಕ್ಕಿಲ್ಲ ಅಂಕಲ್," ಎಂದ ಪ್ರೀತಮ್. ಹಾಜಿಮಲಂಗ ಘಾಟಿ ಹತ್ತಿ ಮುಗಿಯುವವರೆಗೂ ಅದೇ ಮಾತನ್ನು ಮೆಲುಕು ಹಾಕುತ್ತಿದ್ದ.

ಪುಣೆಯ ಸಭಾಂಗಣದಲ್ಲಿ ಸಂಜೆ ಐದಕ್ಕೆ ಬ್ಯಾಂಡಿನ ಆಟ ಶುರು. ಮೂರನೆಯ ಹಾಡಿಗೆ ಮುಂದಿದ್ದ ಮಂದಿ ಒಬ್ಬರನ್ನೊಬ್ಬರು ಭುಜ ಕೊಟ್ಟು ದೂಡಲು ಹತ್ತಿದರು. ಒಬ್ಬ ಬಿದ್ದ. ಹಾಜಿಮಲಂಗ ಯೋಚನೆ ಮಾಡಲಿಲ್ಲ, ಕಾಲುಗಳು ತಾವಾಗಿ ವೇದಿಕೆ ಹತ್ತಿದವು. ಸೈಮಾಳ ಮುಂದಿದ್ದ ಡ್ರಮ್ಮನ್ನು ಎತ್ತಿ ಎದೆಗವಚಿಕೊಂಡ. ಅವಳ ಕೋಲುಗಳು ಎರಡು ಸಲ ಗಾಳಿಗೆ ಬಿದ್ದವು.

"ಅಬ್ಬಾ! ಯೇ ಕ್ಯಾ ಕರ್ ರಹೇ ಆಪ್?" ಏನು ಮಾಡುತ್ತಿದ್ದೀರೆಂದು ಸೈಮಾ ಅಪ್ಪನ ಮೇಲೆ ಕೂಗಿದಳು.

"ಏಳ, ಸಾಮಾನು ಮೊದಲ ಗಾಡಿಗೆ! ಮಂದಿ ಕೈ ಕೈ ಮಿಲಾಯಿಸ್ಯಾರ!"

ಪ್ರೀತಮ್ ಬೆನ್ನಟ್ಟಿ ಬರುವಷ್ಟರಲ್ಲಿ ಡ್ರಮ್ಮು ಟೆಂಪೊದಲ್ಲಿ ಕೌದಿ ಹೊದ್ದು ಕೂತಿತ್ತು. ಒಳಗೆ ಜನ ಇದೂ ಆಟದ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

"ಅದು ಫೈಟ್ ಅಲ್ಲ ಮಾರಾಯ್ರೆ, ಡ್ಯಾನ್ಸ್," ಎಂದು ಪ್ರೀತಮ್ ತಡವರಿಸುತ್ತ ಬಿಡಿಸಿ ಹೇಳಿದ. "ನೀವು ಬಿದ್ದವರನ್ನ ನೋಡಿ. ಯಾರು ಬಿದ್ರೂ ಎತ್ಬೇಕು. ಅದೇ ರೂಲ್."

"ದೂಡವರೂ ಅವರಽ, ಎತ್ತವರೂ ಅವರಽ? ಹಂಗಾರ ದೂಡೂದರ ಯಾಕಪಾ?"

ಪ್ರೀತಮ್ ಕೌದಿ ಬಿಚ್ಚಿ ಡ್ರಮ್ಮು ಎತ್ತಿಕೊಂಡು ಒಳಗೆ ಓಡಿದ.

ಮರಳುವ ದಾರಿಯಲ್ಲಿ ಜೇಬುನ್ನೀಸಾಳ ಫೋನು. "ಏನಾರ ಗದ್ದಲ ಆತೇನ್ರಿ?" ಪಕ್ಕದ ಸೀಟಿನಲ್ಲಿ ಸೈಮಾ ಶೇಂಗಾ ಅಗಿಯುವುದನ್ನು ನಿಲ್ಲಿಸಿದಳು. ಅವಳು ಅಷ್ಟು ಅಲುಗಾಡದೆ ಕೂತದ್ದನ್ನು ಹಾಜಿಮಲಂಗ ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೌದೆನ್ನಲು ಬಾಯಿ ಬರಲಿಲ್ಲ, ಇಲ್ಲವೆನ್ನಲು ಧೈರ್ಯ ಸಾಲಲಿಲ್ಲ.

"ಇನ್ನಾ ನೋಡಬೇಕು," ಎಂದ.

ನಾಸಿಕ್‌ನಲ್ಲಿ ಅವನು ತನ್ನ ಕೈಗಳನ್ನು ನಂಬದೆ ಹಗ್ಗದ ಸುರುಳಿ ಹಿಡಿದುಕೊಂಡು ಗೋಡೆಗೊರಗಿ ನಿಂತ. ಏಳು ಮಂದಿ ಬಿದ್ದರು, ಏಳು ಮಂದಿಯನ್ನೂ ಎತ್ತಿದರು. ಅವನ ಅನುಮಾನ ಮಾತ್ರ ಹೋಗಲಿಲ್ಲ. ಗೆಳೆಯರು ಗೆಳೆಯರನ್ನು ಎತ್ತಿದರೆ ಅದೇನು ದೊಡ್ಡದು? ದಿಬ್ಬಣದಲ್ಲೂ ವರನ ಕಡೆಯವರು ತಮ್ಮವರನ್ನು ಎತ್ತಿಯೇ ಎತ್ತುತ್ತಾರೆ. ತುಳಿಸಿಕೊಳ್ಳುವವನು ಯಾರ ಕಡೆಯವನೂ ಅಲ್ಲದ ಬ್ಯಾಂಡಿನವನು. ಅವತ್ತೂ ಫೋನಿನಲ್ಲಿ "ಇನ್ನಾ ನೋಡಬೇಕು" ಎಂದೇ ಹೇಳಿದ.

ಎರಡು ಸಲ ಇದೇ ಮಾತು ಕೇಳಿದ ಮೇಲೆ ಜೇಬುನ್ನೀಸಾ ಸುಮ್ಮನೆ ಕೂರುವ ಹೆಂಗಸಲ್ಲ. ಗೋರೆಗಾಂವಿಗೆ ತಾನೇ ಬಂದು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

ಕೊನೆಯ ಹಾಡು ಅರ್ಧಕ್ಕೆ ಬಂದಿತ್ತು. ಸೈಮಾಳ ಬೆವರು ಕೈಯಿಂದ ಒಂದು ಕೋಲು ಜಾರಿ ಹಾರಿ ದೂಡಾಟದ ನಡುಮಧ್ಯೆ ಬಿತ್ತು. ಬಿದ್ದದ್ದು ಬ್ಯಾಂಡಿನ ಸಾಮಾನು! ಹಾಜಿಮಲಂಗ ಹಗ್ಗ ಬಿಸಾಕಿ ಒಳಗೆ ನುಗ್ಗಿದ, ಬಾಗಿದ, ಕೋಲು ಕೈಗೆ ಸಿಕ್ಕಿತು. ಅಷ್ಟರಲ್ಲಿ ಯಾರದೋ ಸೊಂಟ ಬಡಿದು ಅಡ್ಡಡ್ಡ ಬಿದ್ದ. ಎಡಗಾಲಿನ ಚಪ್ಪಲಿ ಕಳಚಿದ್ದು ಗೊತ್ತಾಯಿತು. ಇನ್ನು ತುಳಿಯುತ್ತಾರೆ ಎಂದು, ರೂಢಿಯಂತೆ, ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

ಯಾರೂ ತುಳಿಯಲಿಲ್ಲ. ಕಂಕುಳಲ್ಲಿ ಎರಡೂ ಕಡೆಯಿಂದ ಕೈಗಳು ಬಂದವು. ಹಸಿರು ಕೂದಲಿನ ಹುಡುಗಿಯೊಬ್ಬಳು ಅವನನ್ನು ನಿಲ್ಲಿಸಿ ಅಂಗಿಯ ಧೂಳು ಕೊಡವಿದಳು. ದಡೂತಿ ಆಳೊಬ್ಬ ಕೆಳಗೆ ಬಿದ್ದಿದ್ದ ಅವನ ಟೋಪಿಯನ್ನು ತಲೆಗಿಟ್ಟ. "ಚಾಚಾ, ಠೀಕ್ ಹೋ?" ಎಂದು ಹತ್ತಾರು ಬಾಯಿಗಳು ಕೇಳಿದವು. ಅವನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಹಾಡು ನಿಂತಿತ್ತು, ಸೈಮಾ ಎದ್ದು ನಿಂತಿದ್ದಳು. ಹಾಜಿಮಲಂಗ ಜನ ಬಿಟ್ಟ ದಾರಿಯಲ್ಲಿ ನಡೆದುಹೋಗಿ ಕೋಲನ್ನು ಮಗಳ ಕೈಗಿಟ್ಟ.

"ಬಾರಸ," ಎಂದ.

ಆಟ ಮುಗಿದು ಟೆಂಪೊ ತುಂಬುವಾಗ ಜೇಬುನ್ನೀಸಾ ಎದುರು ಬಂದು ನಿಂತಳು. ಮುಖ ಇನ್ನೂ ಬಿಳಿಚಿಕೊಂಡಿತ್ತು.

"ನೀವು ಬಿದ್ದದ್ದು ನಾ ಕಣ್ಣಾರೆ ನೋಡೀನಿ. ಈಗರ ಖರೇ ಹೇಳ್ರಿ, ಇದು ಬಡದಾಟ ಹೌದೋ ಅಲ್ಲೋ?"

ಕೌದಿ ಸುತ್ತುತ್ತಿದ್ದ ಸೈಮಾಳ ಕೈ ನಿಂತಿತು.

"ಇಪ್ಪತ್ತೆರಡು ವರ್ಷ ಬಡದಾಟದಾಗ ಬಿದ್ದ ಮನಷಾ ನಾ," ಎಂದ ಹಾಜಿಮಲಂಗ. "ಬಿದ್ದಲ್ಲಿಂದ ಒಂದು ಸಲರ ಎರಡೂ ಚಪ್ಪಲಿ ಮನೀಗೆ ತಂದೀನೇನು, ನೀನಽ ಹೇಳು."

ಜೇಬುನ್ನೀಸಾ ಕೆಳಗೆ ನೋಡಿದಳು. ಬಲಗಾಲಿಗೆ ಒಂದು, ಎಡಗಾಲಿಗೆ ಒಂದು. ಎಡಗಾಲಿನದರ ಕಿತ್ತ ಪಟ್ಟಿಗೆ ಯಾರೋ ತಮ್ಮ ಜಾಕೀಟಿನ ಪಿನ್ನು ತೆಗೆದು ಚುಚ್ಚಿ ಕೊಟ್ಟಿದ್ದರು. ಅವಳು ಬಗ್ಗಿ ಆ ಪಿನ್ನನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಸೈಮಾಳ ಕಡೆ ತಿರುಗಿದಳು.

"ಗೋವಾಕ್ಕ ಯಾವತ್ತು ಹೊಂಟೀರಿ? ಬುತ್ತಿ ಕಟ್ಟಬೇಕಲ್ಲ."