ಗರಡಿಗೆ ಬಂದ ವಾರದ ರಜೆ

ನಮ್ಮ ಉಸ್ತಾದರ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಹರೆಯದಲ್ಲಿ ಕುಸ್ತಿಯಾಡುವಾಗ ಜಜ್ಜಿಹೋದದ್ದು. ಅದು ಸರಿಯಾಗಿ ಕೇಳದ್ದರಿಂದ ಯಾರೇ ಮಾತಾಡಿದರೂ ಕತ್ತು ಹೊರಳಿಸಿ ಬಲಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ತರುತ್ತಿದ್ದರು. ಹಾಗೆ ಕೇಳುವವರು ಸಿಕ್ಕಾಗ ಜನ ತುಸು ಹೆಚ್ಚೇ ಹೇಳುತ್ತಾರೆ. ಉಸ್ತಾದರಿಗೆ ಬೇಕಾದದ್ದೂ ಅದೇ. ಮಗ್ಗ ರಿಪೇರಿಯವನನ್ನೂ ಕಣ್ಣಿನ ಡಾಕ್ಟರನ್ನೂ ಅವರವರ ಕೆಲಸದ ಬಗ್ಗೆ ಕೇಳುವರು. ನಾನು ಸಂಕೋಚಪಟ್ಟರೆ, “ಕೇಳಿದ್ರೆ ಬಾಯೇನು ಸವೀತೈತೇನಲೇ?” ಅನ್ನುತ್ತಿದ್ದರು.

ದಾವಣಗೆರೆಯ ಕೆ.ಬಿ. ಬಡಾವಣೆಯ ಹಳೇ ಹತ್ತಿ ಗೋದಾಮೊಂದರಲ್ಲಿ ಅವರ ವ್ಯಾಯಾಮಶಾಲೆ. ತಿಂಗಳ ಫೀಸು ಕೊಟ್ಟು ಸಾಮು ಮಾಡಲು ಕಾಲೇಜು ಹುಡುಗರು ಬರುತ್ತಿದ್ದರು. ಮಾಲೀಸು ಮಾಡಿಸಿಕೊಳ್ಳಲು ಮಂಡಿ ವರ್ತಕರು. ನಾನು ಹರಿಹರದಿಂದ ಶಿಷ್ಯನಾಗಿ ಹೋದವನು, ಹತ್ತು ವರ್ಷವಾದರೂ ಅಲ್ಲೇ ಇದ್ದೆ. ಕಲಿಸುವುದು, ಮಾಲೀಸು, ಕಸ ಎಲ್ಲ ನನ್ನದೇ. ಊಟ ಅವರ ಮನೆಯದು, ನಿದ್ದೆ ಗರಡಿಯಲ್ಲಿ. ಹರಿಹರದಲ್ಲಿದ್ದ ಹೆಂಡತಿಗೆ ಕಳಿಸಲು ಅವರು ಕೊಟ್ಟಾಗ ಕೊಟ್ಟಷ್ಟು.

ಅರವತ್ತರ ದಶಕದ ಆರಂಭವಿರಬೇಕು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಬಂದು, ಅಂಗಡಿಗಳ ಕಾನೂನು ಇದಕ್ಕೂ ಅನ್ವಯಿಸುತ್ತದೆ ಎಂದು ಒಂದು ಕಾಗದ ಕೊಟ್ಟುಹೋದರು. ಉಸ್ತಾದರಿಗೆ ಉರ್ದು ಬಿಟ್ಟರೆ ಓದು ಬರದು. ಮಣ್ಣಿನ ಅಖಾಡದ ಅಂಚಿನಲ್ಲಿ ಕೂತು, “ಓದು” ಅಂದರು.

“ನೌಕರನಿಗೆ ವಾರಕ್ಕೊಂದು ರಜೆ ಕೊಡಬೇಕು,” ಎಂದು ಓದಿದೆ.

“ನೌಕರ ಅಂದ್ರೆ ಇಲ್ಲಿ ಯಾರು?”

“ನಾನೇ ಇರಬೇಕ್ರಿ.”

“ನೀನು ಶಿಷ್ಯ ಅಲ್ವೇನು?”

ಅವರಿಗೆ ಸಿಟ್ಟು ಬಂದಿರಲಿಲ್ಲ. ಎರಡೂ ಒಬ್ಬನೇ ಹೆಂಗೆ ಆಗ್ತಾನೆ ಎಂದು ನಿಜಕ್ಕೂ ಯೋಚಿಸುತ್ತಿದ್ದರು. “ಮುಂದೆ ಓದು,” ಅಂದರು.

ಮುಂದಿನ ಸಾಲನ್ನು ನಾನು ಓದಲಿಲ್ಲ. ಕೆಲಸ ಶುರುವಾದ ಹೊತ್ತಿನಿಂದ ಮುಗಿಯುವ ಹೊತ್ತಿಗೆ, ನಡುವಿನ ಬಿಡುವೂ ಸೇರಿ, ಹನ್ನೆರಡು ತಾಸು ಮೀರಬಾರದು ಎಂದು ಅದರಲ್ಲಿತ್ತು. ನಾನು ನಸುಕಿನ ಐದಕ್ಕೆ ಬಾಗಿಲು ತೆಗೆದರೆ ಮುಚ್ಚುವಾಗ ರಾತ್ರಿ ಒಂಬತ್ತು. ಇದನ್ನು ಓದಿದರೆ ಇನ್ನೊಬ್ಬನನ್ನು ತಂದಾರು, ನನ್ನನ್ನು ಬಿಟ್ಟಾರು ಎಂಬ ಹೆದರಿಕೆ.

ಮರುದಿನ ಉಸ್ತಾದರು ಕಾಗದವನ್ನು ಜೇಬಿಗಿಟ್ಟು ಸೈಕಲ್ಲೇರಿ ಇನ್ಸ್‌ಪೆಕ್ಟರ ಆಫೀಸಿಗೇ ಹೋದರು. ಅನುಮಾನದಿಂದಲ್ಲ, ಕೇಳುವುದು ಇನ್ನೂ ಬಾಕಿ ಇತ್ತು. ಮಧ್ಯಾಹ್ನ ಬಂದವರೇ ನನ್ನನ್ನು ಕೂರಿಸಿಕೊಂಡರು.

“ಹನ್ನೆರಡು ತಾಸಿನ ಸಾಲು ಎಲ್ಲಿ ಹೋತು?”

“ನಿಮಗೆ ತೊಂದ್ರೆ ಆಗ್ತೈತೆ ಅಂತ ಬಿಟ್ಟೆ, ಉಸ್ತಾದ್.”

“ನನ್ನ ತೊಂದ್ರೆ ನಾ ನೋಡ್ಕೊಂತೀನಿ. ಓದಾಕ ಬರದವ್ನಿಗೆ ಅರ್ಧ ಓದಿ ಹೇಳಿದ್ರೆ ಅವ್ನು ಪೂರಾ ಕುರುಡ ಆಗ್ತಾನೆ. ಇನ್ನೊಮ್ಮೆ ಹಂಗೆ ಮಾಡಬ್ಯಾಡ.”

ಹತ್ತು ವರ್ಷದಲ್ಲಿ ಅವರು ನನ್ನನ್ನು ಗದರಿಸಿದ್ದು ಅದೊಂದೇ ಸಲ, ಅದೂ ದನಿ ಏರಿಸದೆ.

ಆಮೇಲೆ ಒಂದು ಇಡೀ ದಿನ ಅವರು ಮನೆಗೆ ಹೋಗದೆ ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನನ್ನು ನೋಡಿದರು. ಮಧ್ಯಾಹ್ನ ನಾನು ಅಖಾಡದ ಮಣ್ಣು ಅಗೆದು ಜರಡಿ ಹಿಡಿದೆ, ಎಣ್ಣೆ ಕಾಸಿದೆ, ಟವೆಲ್ಲು ಒಗೆದೆ. ನಡುವೆ ಬಂದ ಇಬ್ಬರು ವರ್ತಕರಿಗೆ ಮಾಲೀಸು ಮಾಡಿದೆ. ಸಂಜೆ ಉಸ್ತಾದರು ಮೆತ್ತಗೆ ಅಂದರು: “ಮಧ್ಯಾಹ್ನ ಊಟ ಆದ್ಮೇಲೆ ನಾನು ಮಲಗ್ತಿದ್ದೆ. ನೀನೂ ಮಲಗ್ತೀಯ ಅಂತ ತಿಳ್ಕೊಂಡಿದ್ದೆ.”

ಆ ವಾರವೇ ನನ್ನ ಕೈಲಿ ಒಂದು ಪಟ್ಟಿ ಬರೆಸಿ ಗೋಡೆಗೆ ಅಂಟಿಸಿದರು. ನಸುಕಿನ ಪಾಳಿ ಅವರದು, ಅರವತ್ತು ದಾಟಿದ್ದರೂ. ನಾನು ಒಂಬತ್ತಕ್ಕೆ ಕೆಲಸಕ್ಕಿಳಿದರೆ ಸಾಕು, ನಡುವೆ ನಾಲ್ಕು ತಾಸು ಬಿಡುವು. ಪ್ರತಿ ತಿಂಗಳ ಮೊದಲ ದಿನ ಗೊತ್ತಾದ ಸಂಬಳ. ಸೋಮವಾರ ನನಗೆ ರಜೆ, ಶುಕ್ರವಾರ ಅವರಿಗೆ; ಅಂದು ಗರಡಿ ತೆಗೆಯುವುದೇ ಒಂಬತ್ತಕ್ಕೆ. ಇನ್ಸ್‌ಪೆಕ್ಟರು ಮತ್ತೆ ಬಂದಾಗ ಅದನ್ನೋದಿ ನಕ್ಕರು. “ಮಾಲೀಕರ ಹೆಸರು ಬರೀಬೇಕಂತಿಲ್ರಿ. ಕಾನೂನು ಇರೋದು ನೌಕರರಿಗೆ.”

“ಹಂಗಾದ್ರೆ ನನಗೆ ರಜೆ ಯಾರು ಕೊಡ್ತಾರ್ರಿ?” ಎಂದರು ಉಸ್ತಾದರು, ಬಲಗಿವಿಯನ್ನು ಮುಂದೆ ಮಾಡಿ.

ಇನ್ಸ್‌ಪೆಕ್ಟರು ಆ ಪಟ್ಟಿಯನ್ನು ಇನ್ನೊಮ್ಮೆ ಓದಿದರು. ಚಹಾ ಕುಡಿದು ಹೋದರು.

ಮೊದಲ ಸೋಮವಾರ ನಾನು ಸುಮ್ಮನಿರಲಾರದೆ ಪೊರಕೆ ಹಿಡಿದೆ. ಉಸ್ತಾದರು ಅದನ್ನು ಕಸಿದುಕೊಂಡು, “ನಿನ್ನ ಸಲುವಾಗಿ ನಾನು ಕೋರ್ಟಿಗೆ ಹೋಗ್ಲೇನು? ಹರಿಹರದ ಬಸ್ಸು ಹಿಡಿ,” ಎಂದು ಹೊರಗೆ ಕಳಿಸಿದರು.

ಹರಿಹರದಲ್ಲಿ ಮೂರು ವರ್ಷದ ಮಗಳಿದ್ದಳು. ಹಬ್ಬಕ್ಕೊಮ್ಮೆ ಮಾತ್ರ ಮುಖ ತೋರಿಸುತ್ತಿದ್ದ ನನ್ನನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗಿ, “ಅವ್ವಾ, ಆ ಮಾಮ ಯಾವಾಗ ಹೋಗ್ತಾನೆ?” ಎಂದು ಕೇಳಿದಳು. ಹೆಂಡತಿ ಮುಖ ತಿರುಗಿಸಿಕೊಂಡಳು. ಎರಡನೇ ಸೋಮವಾರ ಮಗಳು ದೂರದಿಂದ ನೋಡಿದಳು. ಮೂರನೆಯದಕ್ಕೆ ನನ್ನ ತೋಳಿನ ಗಂಟನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿದಳು. ಐದನೆಯದಕ್ಕೆ ನನ್ನ ಜೊತೆ ಹೊಳೆದಂಡೆಗೆ ಬಂದು, ವಾಪಸು ಬರುವಾಗ ಹೆಗಲ ಮೇಲೆ ನಿದ್ದೆಹೋದಳು.

ಆರು ವರ್ಷದ ನಂತರ ಉಸ್ತಾದರು ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡರು. ವರ್ತಕರು, ಕಾಲೇಜು ಹುಡುಗರು, ಊರಿನ ಪೈಲ್ವಾನರು ಬೀದಿ ತುಂಬ ನಿಂತಿದ್ದರು. ಸುದ್ದಿ ತಿಳಿದು ಹರಿಹರದಿಂದ ನನ್ನ ಹೆಂಡತಿಯೂ ಮಗಳನ್ನು ಕರೆದುಕೊಂಡು ಬಂದಳು. ನಾನು ಗೋಡೆಗೊರಗಿ ಅಳುತ್ತಿದ್ದೆ. ಮಗಳು ಅವಳ ಕೈ ಬಿಡಿಸಿಕೊಂಡು, ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ನೇರ ನನ್ನ ಹತ್ತಿರ ಬಂದು, “ಅಪ್ಪಾ” ಎಂದು ಬೆರಳು ಹಿಡಿದು ನಿಂತಳು.