ಕೌದಿಯೊಳಗಿನ ಕಾವು

ಸುಂದ್ರಾಬಾಯಿ ತನ್ನ ಕೋಳಿಯನ್ನು ಬುಟ್ಟಿಯ ಸಮೇತ ತಂದು ನಮ್ಮ ಹಿತ್ತಲಿನಲ್ಲಿ ಇಳಿಸಿದಾಗ ಅಲ್ಲಿ ನಾವು ಮೂವರಿದ್ದೆವು. ಅವ್ವ ಗೋಡೆಗೆ ಬೆನ್ನು ಕೊಟ್ಟು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ನನ್ನ ಹೆಂಡತಿ ಕಲಾವತಿ ನಮ್ಮ ಕೋಳಿಗಳಿಗೆ ಸಜ್ಜೆ ಚೆಲ್ಲುತ್ತಿದ್ದಳು. ನಾನು ಕುರ್ಚಿಯಲ್ಲಿದ್ದೆ. ಚಳಿಗಾಲದ ರಜೆಯ ದಿನಗಳಲ್ಲಿ ನನ್ನ ಕೆಲಸ ಅಷ್ಟೇ: ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತ ಹೋಗುವುದು. ಬೆಳಿಗ್ಗೆ ಬೇವಿನ ಮರದ ಬುಡದಲ್ಲಿದ್ದವನು ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಿಗುತ್ತೇನೆ.

ಹೇಳಿಬಿಡುತ್ತೇನೆ, ನಾನು ಚಳಿಗೆ ಬಹಳ ಹೆದರುವವನು. ನಮ್ಮದು ಬಿಸಿಲಿನ ಸೀಮೆ ಎಂದು ಕೇಳಿಕೊಂಡು ಬಸವಕಲ್ಯಾಣಕ್ಕೆ ಬರುವ ದೂರದ ನೆಂಟರು ಒಂದು ತೆಳ್ಳನೆಯ ಚಾದರ ಹಿಡಿದು ಬರುತ್ತಾರೆ. ಕಾರ್ತಿಕ ಕಳೆದ ಮೇಲೆ ಬಂದರೆ ಮರುದಿನ ಬೆಳಿಗ್ಗೆ ನಮ್ಮ ಮನೆಯ ಟವೆಲು, ಜಮಖಾನೆ ಎಲ್ಲ ಅವರ ಮೈಮೇಲಿರುತ್ತವೆ. ಮರವಿಲ್ಲದ ಬಯಲು, ಕರಿ ಮಣ್ಣು, ಅಡ್ಡಿಯಿಲ್ಲದ ಗಾಳಿ. ಥಂಡಿಗೆ ಇನ್ನೇನು ಬೇಕು? ನಮ್ಮ ಆಯಿ, ಎಂದರೆ ಅವ್ವನ ತಾಯಿ, ಥಂಡಿಯಲ್ಲಿ ಎರಡು ಜಾತಿ ಮಾಡಿದ್ದಳು. ಕಿವಿಯಿಂದ ಹೊಗುವುದು ಒಂದು, ಅಂಗಾಲಿನಿಂದ ಏರುವುದು ಇನ್ನೊಂದು. ಮೊದಲನೆಯದು ನೆಗಡಿ ತರುತ್ತದೆ, ಎರಡನೆಯದು ಸಿಟ್ಟು ತರುತ್ತದೆ ಎಂಬುದು ಅವಳ ವಾದ. ನನಗೆ ಎರಡೂ ಒಟ್ಟಿಗೇ ಬರುತ್ತವೆ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ನನಗೆ ಬೆಳಗಿನ ಪಾಳಿ. ಕಂಪನಿ ಬಸ್ಸಿಗಾಗಿ ಕಾನಟೋಪಿ, ಮಫ್ಲರು, ಎರಡು ಸ್ವೆಟರು ಹಾಕಿಕೊಂಡು ನಾನು ಮನೆ ಬಿಡುವಾಗ ನಮ್ಮ ಹುಂಜ ಇನ್ನೂ ನಿದ್ದೆಯಲ್ಲಿರುತ್ತದೆ. ಕೋಳಿ ಸಾಕಿದ ಮನೆಯಲ್ಲಿ ಹುಂಜವನ್ನು ಎಬ್ಬಿಸಿ ಹೋಗುವ ಯಜಮಾನ ನಾನೊಬ್ಬನೇ ಇರಬೇಕು.

ಕೋಳಿಗಳನ್ನು ನೋಡಿದರೆ ನಾಚಿಕೆಯಾಗುತ್ತದೆ. ಅವು ಪುಕ್ಕ ಉಬ್ಬಿಸಿಕೊಂಡು, ಒಂದು ಕಾಲನ್ನು ಹೊಟ್ಟೆಯೊಳಗೆ ಮಡಚಿಕೊಂಡು, ಕೊಕ್ಕನ್ನು ರೆಕ್ಕೆಯ ಸಂದಿಗೆ ತುರುಕಿ, ಒಂದಕ್ಕೊಂದು ಒತ್ತಿ ಕೂತರೆ ಮುಗಿಯಿತು. ಟೋಪಿ ಹುಡುಕುವುದಿಲ್ಲ. ಚಹಾ ಕೇಳುವುದಿಲ್ಲ. ಗಾಳಿ ಬಡಿಯುವ ದಿಕ್ಕಿಗೆ ಒಂದು ಗೋಣಿತಟ್ಟು ಇಳಿಬಿಟ್ಟರೆ ಅದೇ ಅವಕ್ಕೆ ಅರಮನೆ.

ಸುಂದ್ರಾಬಾಯಿ ನಮ್ಮ ಪಕ್ಕದ ಮನೆಯವಳು. ಅವಳ ಕೋಳಿ ಬೇರೆ ಕಾಲವೇ ಸಿಗದ ಹಾಗೆ ಈ ಥಂಡಿಯಲ್ಲಿ ಕಾವಿಗೆ ಕೂತಿತ್ತು. ಅವಳು ಹುಡಗಿ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಮಗಳು ಸವಿತಾ ಅತ್ತೆಯನ್ನೂ ನೆಗೆಣ್ಣಿಯನ್ನೂ, ಎಂದರೆ ವಾರಗಿತ್ತಿಯನ್ನೂ, ಬಿಟ್ಟು ಹೊಸದಾಗಿ ಬೇರೆಯಾಗಿದ್ದಳು; ತೊಗರಿ ಕೊಯ್ಲಿನ ದಿನಗಳಲ್ಲಿ ಕೈಗೆ ಕೈ ಬೇಕಿತ್ತು.

“ವೈನಿ, ಇದನ್ನ ಪಾಲಿಗೆ ಇಟ್ಕೋರಿ,” ಎಂದಳು ಕಲಾವತಿಗೆ. ನಮ್ಮ ಕಡೆ ಇದೊಂದು ಪದ್ಧತಿ. ಕೋಳಿ ಒಬ್ಬರದು, ಜೋಪಾನ ಇನ್ನೊಬ್ಬರದು, ಮರಿ ಅರ್ಧರ್ಧ. “ನನ್ನ ಪಾಲಿನ ಮರಿ ಸವಿತಾಗ ಕೊಡಾಕಿ ನಾ. ಮನಿ ಬ್ಯಾರೆ ಆಗೋ ಮುಂದ ಕೋಳಿ ಎಲ್ಲಾ ನೆಗೆಣ್ಣಿನೇ ಹಿಡಕೊಂಡಾಳ. ಈಗ ಮತ್ತ ದಿನಾ ಬಂದು ಕೇಳ್ತಾಳಂತ, ‘ಏನ ಸವಿತಾ, ನಿನ್ನ ಅಂಗಳದಾಗ ಕೆದರೋವೇ ಇಲ್ಲಲ್ಲ, ಕಸಾ ಹೊಡಿಯೋ ಕೆಲಸ ಉಳೀತು ಬಿಡು’ ಅಂತ. ಅತ್ತಾಳ್ರಿ ನನ್ನ ಮುಂದ ಫೋನಿನಾಗ.”

“ನೀ ನಿಶ್ಚಿಂತಿಯಿಂದ ಹೋಗು,” ಎಂದಳು ಕಲಾವತಿ. “ಮರಿ ಎಬ್ಬಿಸಿ ಕೊಡೋದು ನನಗ ಬಿಡು.”

ಆ ಮಾತು ಅವಳು ಮನಸಾರೆ ಆಡಿದ್ದು. ಗೊತ್ತಿರಲಿ, ನಮ್ಮ ಓಣಿಯ ಹೆರಿಗೆಗಳಲ್ಲಿ ಅರ್ಧಕ್ಕರ್ಧ ಬಾಣಂತನಗಳು ಕಲಾವತಿಯ ಉಸ್ತುವಾರಿಯಲ್ಲೇ ಆಗಿವೆ. ಮಂಚದ ಕೆಳಗೆ ಶೆಗಡಿ ಇಟ್ಟು ಕೆಂಡದ ಶಾಖ ಕೊಡುವುದು, ಲೋಬಾನದ ಹೊಗೆ ಹಾಕುವುದು, ಅಜವಾನ ಅಗಿಸುವುದು, ಕಿಡಕಿಯ ಸಂದಿಗೆ ಹಳೆ ಬಟ್ಟೆ ತುಂಬುವುದು, ಇದರಲ್ಲೆಲ್ಲ ಅವಳದು ಪಳಗಿದ ಕೈ. ಅವಳ ಕೈಯಿಂದ ಎದ್ದು ಹೋದ ಬಾಣಂತಿಯರು ಒಂದು ಸೀನು ಸಹ ಸೀನಿದ್ದಿಲ್ಲ. ಹೀಗಿರುವಾಗ ಎದುರಿಗೆ ಬುಟ್ಟಿಯಲ್ಲಿ ಮೈ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಮುಟ್ಟಿದರೆ ಗುರುಗುಡುವ ಒಂದು ಜೀವವನ್ನು ಕಂಡಾಗ ಅವಳಿಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು.

ಬುಟ್ಟಿ ಹಿತ್ತಲಿನಿಂದ ಒಳಕೋಣೆಗೆ ಬಂತು. ದೃಷ್ಟಿ ತಾಗದಿರಲೆಂದು ಅವ್ವ ಅದರೊಳಗೆ ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟಳು. ಅದು ಎಲ್ಲರೂ ಮಾಡುವುದೇ. ಮುಂದಿನದು ಮಾತ್ರ ನಮ್ಮ ಮನೆಯ ವಿಶೇಷ. ಬುಟ್ಟಿಯ ಪಕ್ಕದಲ್ಲಿ ಶೆಗಡಿ ಬಂತು. ಕಿಡಕಿ ಬಂದಾಯಿತು. ಸಂಜೆ ಲೋಬಾನದ ಹೊಗೆ. ಸಜ್ಜೆಯ ಕಾಳಿನ ಜೊತೆ ಒಂದಿಷ್ಟು ಅಜವಾನ.

“ಅದು ಕೋಳಿ ಅದ,” ಎಂದು ನಾನು ಒಮ್ಮೆ ಹೇಳಿ ನೋಡಿದೆ.

“ಕೂತಲ್ಲೇ ಕೂತು ಮೈಯ ಕಾವು ಎಲ್ಲಾ ಮಕ್ಕಳಿಗಿ ಕೊಡಾಕತ್ತದ. ಬಾಣಂತಿ ಅಲ್ದೆ ಮತ್ತೇನು?” ಎಂದಳು ಕಲಾವತಿ. “ನೀವು ಎರಡು ಸ್ವೆಟರ್ ಹಾಕ್ಕೊಂಡು ಥಂಡಿ ಅಂತೀರಿ. ಅದಕ್ಕ ಬಾಯಿಲ್ಲ, ಪಾಪ.”

ನನಗೂ ಆ ಕೋಣೆ ಹಿತವಾಗಿತ್ತು. ಕೋಳಿಯನ್ನು ನೋಡುವ ನೆಪದಲ್ಲಿ ಹೋಗಿ ಶೆಗಡಿಗೆ ಕೈ ಕಾಯಿಸಿಕೊಂಡು ಬರುತ್ತಿದ್ದೆ. ಬಾಣಂತಿಗಿಂತ ಬಾಣಂತಿಯ ಮನೆಯವರೇ ಹೆಚ್ಚು ಸುಖಪಡುವುದು ಹೊಸ ಸಂಗತಿಯೇನಲ್ಲ. ಅಂಟಿನ ಉಂಡೆ ಯಾರ ಯಾರ ಹೊಟ್ಟೆಗೆ ಹೋಗುತ್ತದೆಂದು ಎಲ್ಲ ಮನೆಗಳಿಗೂ ಗೊತ್ತು.

ಒಂದು ರವಿವಾರ ಬೆಳಿಗ್ಗೆ ಕಲಾವತಿ ಕೂಗಿದ ಕೂಗಿಗೆ ನಾನು ಕೌದಿಯೊಳಗಿನಿಂದ ತಲೆ ಹೊರಹಾಕಿದೆ. ಬುಟ್ಟಿಯಲ್ಲಿ ತತ್ತಿಗಳಿದ್ದವು, ಕೋಳಿ ಇರಲಿಲ್ಲ. ಹುಡುಕಿದರೆ ಅದು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಇಬ್ಬನಿ ಇನ್ನೂ ಆರದ ಕಡೆ, ಎರಡೂ ರೆಕ್ಕೆ ಮೈಯಿಂದ ದೂರ ಹಿಡಿದು, ಬಾಯಿ ತೆರೆದು ಏದುಸಿರು ಬಿಡುತ್ತ ನಿಂತಿತ್ತು. ವೈಶಾಖದ ಮಧ್ಯಾಹ್ನ ಕೋಳಿ ನಿಲ್ಲುವ ಹಾಗೆ. ಊರಿಗೆ ಊರೇ ನಡುಗುತ್ತಿದ್ದ ಆ ಮುಂಜಾನೆ ಸೆಖೆಯಿಂದ ಬಳಲುತ್ತಿದ್ದ ಪ್ರಾಣಿ ಅದೊಂದೇ.

ಕಲಾವತಿ ಅದನ್ನು ಹಿಡಿದು ತಂದು ಬುಟ್ಟಿಯಲ್ಲಿ ಕೂರಿಸಿದಳು. ಅದು ಎದ್ದು ಹೋಯಿತು. ಮತ್ತೆ ತಂದಳು. ಅದು ಅವಳ ಕೈ ಕುಕ್ಕಿ ಹೋಯಿತು. ತತ್ತಿಗಳನ್ನು ಮುಟ್ಟಿ ನೋಡಿದಳು, ಆರತೊಡಗಿದ್ದವು. ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

“ಸವಿತಾಗ ಹ್ಯಾಂಗ ಮಾರಿ ತೋರಸ್ಲಿ ನಾ?” ಎಂದಳು. ಅಷ್ಟು ಬಾಣಂತನ ಮಾಡಿದವಳ ದನಿ ಆ ಹೊತ್ತಿಗೆ ಒಡೆದಿತ್ತು. “ಆ ನೆಗೆಣ್ಣಿ ಮುಂದ ಇನ್ನ ಏನಂದಾಳು ಆ ಹುಡುಗಿ?”

ಅವ್ವ ಬಂದಳು, ಶೆಗಡಿಯನ್ನೊಮ್ಮೆ ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕೌದಿಯನ್ನು ಹೊದ್ದುಕೊಂಡೇ ಎದ್ದು ಬಂದಿದ್ದೆ.

“ಇವನ ಹಾಸಿಗಿ ಬಿಸಿ ಅದ ಇನ್ನ. ಹ್ಯಾಂಗೂ ಮಧ್ಯಾಹ್ನದ ತನಕ ಕೌದಿ ಬಿಟ್ಟು ಏಳಾಂವಲ್ಲ ಇಂವ. ತತ್ತಿ ಇವನ ಹತ್ರ ಇಡು.”

ಕಲಾವತಿ ಎದ್ದಳು. ಬಾಣಂತನದವರು ದುಃಖಪಡುತ್ತ ಕೂರುವವರಲ್ಲ. ನನ್ನ ತಲೆಯ ಮೇಲಿನ ಕಾನಟೋಪಿಯನ್ನು ಸರಕ್ಕನೆ ಎಳೆದುಕೊಂಡು ಅದರಲ್ಲಿ ಒಂದಿಷ್ಟು ತತ್ತಿ ಹಾಕಿದಳು, ಮಫ್ಲರಿನಲ್ಲಿ ಉಳಿದವನ್ನು ಸುತ್ತಿದಳು. ನಾನು ಗೋಡೆಗೆ ಒರಗಿ ಕೂತೆ. ಎರಡು ಗಂಟುಗಳೂ ನನ್ನ ಹೊಟ್ಟೆಯ ಮೇಲೆ ಬಂದವು, ಮೇಲೆ ಕೌದಿ. “ಅಲುಗಾಡಬ್ಯಾಡ್ರಿ, ಕೆಮ್ಮಬ್ಯಾಡ್ರಿ, ನಗಬ್ಯಾಡ್ರಿ,” ಎಂಬ ಅಪ್ಪಣೆಯೂ ಆಯಿತು.

ಕಾವು ಕೂರುವುದನ್ನು ಸೋಮಾರಿತನದ ಒಂದು ಬಗೆ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಸುಮ್ಮನೆ ಕೂರುವುದಕ್ಕೂ ಏನನ್ನೋ ಕಾಯುತ್ತ ಕೂರುವುದಕ್ಕೂ ಇರುವ ಅಂತರ ಹೊಟ್ಟೆಯ ಮೇಲೆ ತತ್ತಿ ಇಟ್ಟುಕೊಂಡಾಗಲೇ ತಿಳಿಯುವುದು. ಮೊದಲಿಗೆ ಮೂಗು ತುರಿಸಿತು. ಆಮೇಲೆ ಕಾಲು ಜೋಮು ಹಿಡಿಯಿತು. ಕೆಮ್ಮು ನನಗೆ ಎಂದೂ ಇಲ್ಲದಷ್ಟು ಬಂತು. ಟೋಪಿ ಇಲ್ಲದ ತಲೆಗೆ ಥಂಡಿ ಬಡಿಯುತ್ತಿತ್ತು. ಆದರೆ ನನಗೆ ಆಗುತ್ತಿದ್ದ ಚಿಂತೆ ತಲೆಯದಲ್ಲ, ಎಡಗಡೆಯ ಗಂಟಿನ ತಳದಲ್ಲಿದ್ದ ತತ್ತಿಗೆ ಕಾವು ತಾಕುತ್ತಿದೆಯೋ ಇಲ್ಲವೋ ಎಂಬುದು. ಕೈ ಹಾಕಿ ಒಂದೊಂದನ್ನೇ ಹೊರಳಿಸುತ್ತಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಕಲಾವತಿ ಚಹಾವನ್ನು ಬಸಿಯಲ್ಲಿ ಹೊಯ್ದು ಬಾಯಿಗೆ ಹಿಡಿದಳು. ಮದುವೆಯಾದಾಗಿನಿಂದ ಇಂಥ ಸೇವೆ ನನಗೆ ನಡೆದ ನೆನಪಿಲ್ಲ.

ಅಷ್ಟರಲ್ಲಿ ಹುಡಗಿಯಿಂದ ಫೋನು. ಅವ್ವ ಎತ್ತಿದಳು. ಸುಂದ್ರಾಬಾಯಿಯದು ದೊಡ್ಡ ದನಿ, ಕೋಣೆಗೆಲ್ಲ ಕೇಳಿಸಿತು.

“ಕಾಕು, ಕಾವು ಹ್ಯಾಂಗ ನಡದದ?”

ಅವ್ವ ನನ್ನ ಕಡೆ ನೋಡಿದಳು. “ಛಲೋ ಕೂತದ ಯವ್ವಾ. ಕೌದಿ ಬಿಟ್ಟು ಅಲುಗಾಡವಲ್ದು.”

“ಕೌದಿ? ಕೋಳಿಗಿ ಕೌದಿ ಯಾಕ?”

“ಥಂಡಿ ಭಾಳ ಅದ,” ಎಂದು ಅವ್ವ ಫೋನಿಟ್ಟಳು. ನಗಬಾರದೆಂಬ ಅಪ್ಪಣೆಯನ್ನು ಪಾಲಿಸುವುದು ಆಗ ಎಷ್ಟು ಕಷ್ಟವಾಯಿತೆಂದರೆ ನನ್ನ ಕಣ್ಣಲ್ಲಿ ನೀರು ಬಂತು.

ಈ ನಡುವೆ ಕಲಾವತಿ ಶೆಗಡಿಯನ್ನು ಹೊರಗೆ ಒಯ್ದು ಕೆಂಡಕ್ಕೆ ನೀರು ಸುರಿದಳು. ಬುಟ್ಟಿಯ ಹಳೆ ಹುಲ್ಲು ಚೆಲ್ಲಿ ಹೊಸ ಹುಲ್ಲು ಹಾಸಿ, ಅದನ್ನು ಹಿತ್ತಲಿನ ಕಟ್ಟಿಗೆ ಒಟ್ಟಿದ ಮೂಲೆಯಲ್ಲಿಟ್ಟಳು. ಗಾಳಿ ಬಡಿಯದ, ಬೆಳಕೂ ಅಷ್ಟಿಲ್ಲದ, ಲೋಬಾನದ ವಾಸನೆ ತಟ್ಟದ ಜಾಗ. ನನ್ನ ಹೊಟ್ಟೆಯ ಮೇಲಿನ ತತ್ತಿಗಳು ಅಲ್ಲಿಗೆ ಹೋದವು. ಆಮೇಲೆ ನಾವು ಮೂವರೂ ಒಳಗೆ ಬಂದು ಬಾಗಿಲ ಸಂದಿಯಿಂದ ನೋಡುತ್ತ ನಿಂತೆವು. ಕೋಳಿ ಕಲ್ಲಿನಿಂದ ಇಳಿಯಿತು. ಬುಟ್ಟಿಯ ಸುತ್ತ ಸುತ್ತಿತು. ನಮ್ಮ ಮೂರು ತಲೆಮಾರಿಗೂ ಬೈದ ಹಾಗೆ ಏನೇನೋ ಗೊಣಗಿತು. ಬುಟ್ಟಿಯ ಅಂಚಿಗೆ ಏರಿ, ಕತ್ತು ಬಗ್ಗಿಸಿ ಒಂದು ತತ್ತಿಯನ್ನು ಕೊಕ್ಕಿನಿಂದ ಸರಿಸಿ, ಪುಕ್ಕ ಉಬ್ಬಿಸಿ, ಕೂತಿತು.

ಕಲಾವತಿ ನನ್ನ ತೋಳನ್ನು ಹಿಡಿದಿದ್ದಳು. ಅದು ಕೂತ ಮೇಲೆ ಬಿಟ್ಟಳು.

ಆ ಹೊತ್ತಿನ ಥಂಡಿ ತತ್ತಿಗಳಿಗೆ ಎಷ್ಟು ಬಡಿದಿತ್ತೋ ನಮಗೆ ತಿಳಿಯುವಂತಿರಲಿಲ್ಲ. ಉಳಿದ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಕಾರ್ಖಾನೆಯಲ್ಲಿ ಮಾತ್ರೆಯ ಡಬ್ಬಿಗಳನ್ನು ಜೋಡಿಸುವಾಗಲೂ ನನ್ನ ಲಕ್ಷ್ಯ ಆ ಕಟ್ಟಿಗೆಯ ಮೂಲೆಯಲ್ಲಿತ್ತು. ಒಂದು ಸಂಜೆ ಬಸ್ಸಿನಿಂದ ಇಳಿದು ಮನೆಗೆ ಬಂದರೆ ಕಲಾವತಿ ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು, ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಕೋಳಿಯ ರೆಕ್ಕೆಯ ಕೆಳಗಿನಿಂದ ಚಿಂವ್ ಚಿಂವ್ ಎಂಬ ಸಣ್ಣ ಸದ್ದು. ಎರಡು ತತ್ತಿ ಕೆಟ್ಟಿದ್ದವು. ಉಳಿದವೆಲ್ಲ ಎದ್ದಿದ್ದವು.

ಮರಿಗಳು ತಾಯಿಯನ್ನು ಬಿಟ್ಟು ತಾವೇ ಕೆದರಿಕೊಂಡು ತಿನ್ನತೊಡಗಿದ ಮೇಲೆ ಸುಂದ್ರಾಬಾಯಿ ಬಂದಳು. ಪಾಲು ಮಾಡುವ ಮೊದಲೇ ಕಲಾವತಿ, “ನಮ್ಮ ಪಾಲು ಬ್ಯಾಡ, ಎಲ್ಲಾ ಸವಿತಾಗೇ ಒಯ್ದು ಕೊಡು,” ಎಂದಳು.

ಸುಂದ್ರಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. “ಇಷ್ಟು ಧಾರಾಳ ಯಾಕ ಬಂತು ವೈನಿ? ಏನೋ ಮಾಡೀರಿ ನೀವು.”

ಕಲಾವತಿ ತಡಬಡಿಸಿದಳು. ಅವ್ವನಿಗೆ ತಡೆಯಲಾಗಲಿಲ್ಲ, ಶೆಗಡಿಯಿಂದ ಕಾನಟೋಪಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಸುಂದ್ರಾಬಾಯಿ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತಳು. “ಅಣ್ಣಾ, ಖರೆ ಹೇಳ್ರಿ, ಕೊಕ್ ಕೊಕ್ ಅಂದ್ರಿಲ್ಲೋ?”

ಆದರೆ ಪಾಲನ್ನು ಅವಳು ಪದ್ಧತಿಯ ಪ್ರಕಾರವೇ ಮಾಡಿದಳು. ತನಗೊಂದು, ನಮಗೊಂದು, ತನಗೊಂದು, ನಮಗೊಂದು. ಕಡೆಗೆ ಒಂದು ಉಳಿಯಿತು. ಹಾಗೆ ಉಳಿದದ್ದು ಕಾವು ಕೂತ ಕೋಳಿಯ ಲೆಕ್ಕಕ್ಕೆ, ಎಂದರೆ ಕೋಳಿಯ ಒಡೆಯರಿಗೆ ಹೋಗಬೇಕು. ಅವಳು ಅದನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟಳು. “ಕೂತವರದು ಕೂತವರಿಗೇ ಸೇರ್ಬೇಕ್ರಿ,” ಎಂದಳು. ನಾನು ಅದನ್ನು ಅವಳ ಬುಟ್ಟಿಗೇ ಬಿಟ್ಟೆ. ಸವಿತಾಳ ಅಂಗಳದಲ್ಲಿ ಇದೊಂದು ಹೆಚ್ಚಿಗೆ ಕೆದರಲಿ ಎಂದೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸವಿತಾ ಹುಡಗಿಯಿಂದ ತಾಯಿಯನ್ನು ನೋಡಲು ಬಂದವಳು ನಮ್ಮ ಮನೆಗೂ ಬಂದಳು. ಮುಖ ತುಂಬಿಕೊಂಡಿತ್ತು. ಊರಿನ ಸುದ್ದಿ ಹೇಳುತ್ತ, ನೆಗೆಣ್ಣಿಯ ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸಿವೆ, ಬಿತ್ತನೆಯ ಆಳುಗಳ ಅಡಿಗೆಗೆ ಅವಳು ಈಗ ತನ್ನ ಮನೆಗೇ ತತ್ತಿ ಕೇಳಲು ಬರುತ್ತಾಳೆಂದಳು. ಕೊಡುತ್ತೀಯೇನು ಎಂದು ಅವ್ವ ಕೇಳಿದರೆ, “ಕೊಡ್ತೀನಿ ಆಯಿ, ಅಂಗಳದಾಗ ಕಸಾ ಭಾಳ ಆಗ್ಯಾದ, ಸಂಭಾಳಿಸಿ ಕಾಲಿಡ್ರಿ ಅಂತ ಹೇಳಿ ಕೊಡ್ತೀನಿ,” ಎಂದು ನಕ್ಕಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಅರಿವೆಯಲ್ಲಿ ಸುತ್ತಿದ ಒಂದು ತತ್ತಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು.

“ಕಾಕಾ, ನೀವು ಬಿಟ್ಟುಕೊಟ್ಟ ಆ ಮರೀದು ಮೊದಲನೇ ತತ್ತಿ. ಇದರ ಮ್ಯಾಲ ಕೂಡಬ್ಯಾಡ್ರಿ ಮತ್ತ. ತಿನ್ರಿ.”

ಕಲಾವತಿ ಆಗಲೇ ಒಲೆಯ ಮೇಲೆ ಹಂಚು ಇಟ್ಟಿದ್ದಳು. ಒಂದೇ ತತ್ತಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಜಾಸ್ತಿ ಹಾಕಿ ಹೊಯ್ದಳು. ನಾಲ್ವರೂ ರೊಟ್ಟಿಯ ತುಂಡಿನಿಂದ ಒಂದೇ ತಾಟಿನಲ್ಲಿ ತಿಂದೆವು.